ಮನೋವೈದ್ಯರ ಚೀಟಿ ಕೊಟ್ಟು ರಜೆ ಹಾಕಿದರೆ ಪೈಲಟ್ ಕೆಲಸ ಉಳಿಯುತ್ತಾ?

ನಾಪೋಕ್ಲುವಿನವ:
ಖಾಸಗಿ ಏರ್‌ಲೈನ್‌ನಲ್ಲಿ ಫಸ್ಟ್ ಆಫೀಸರ್, ಅಂದ್ರೆ ಕೋ-ಪೈಲಟ್. ಡ್ಯೂಟಿಯ ಹಿಂದಿನ ರಾತ್ರಿ ಎದೆ ಹೊಡ್ಕೊಳ್ಳುತ್ತೆ, ನಿದ್ದೆ ಇಲ್ಲ. ಮೈಸೂರಿನ ಮನೋವೈದ್ಯರು ಮಾತ್ರೆ ಶುರು ಮಾಡಿದ್ದಾರೆ. ನಾನೇ ಹೇಳಿ ರೋಸ್ಟರ್‌ನಿಂದ (ಡ್ಯೂಟಿ ಪಟ್ಟಿಯಿಂದ) ಹೊರಗೆ ಬಂದೆ, ಈಗ ಮನೆಯಲ್ಲಿದ್ದೇನೆ. ಎಚ್‌ಆರ್‌ನವರು "ಪೂರ್ತಿ ಫೈಲ್ ಕಳಿಸಿ, ಇಲ್ಲಾಂದ್ರೆ ರಜೆ ಇಲ್ಲ" ಅಂತಾರೆ. ಅವ್ವ "ಕಾಮಾಲೆ ಅಂತ ಬರೆಸ್ಕೊಂಡು ಬಾ" ಅಂತಾರೆ. ಟ್ರೈನಿಂಗಿಗೆ ಅಂತ ಅಪ್ಪ ತೋಟದ ಮೇಲೆ ತೆಗೆದ ಸಾಲ ಇನ್ನೂ ತೀರಿಲ್ಲ. ರಜೆಯಲ್ಲಿರುವಾಗ ತೆಗೆದುಹಾಕಬಹುದಾ?

ಮಾದಾಪುರ, ಮಾಜಿ ಏರ್‌ಫೋರ್ಸ್:
ಮೋನೆ, ಕಾಮಾಲೆ ಕತೆ ಬೇಡ. ನಾನು ಮೆಡಿಕಲ್ ಅಸಿಸ್ಟೆಂಟ್ ಆಗಿದ್ದವನು. ಪೈಲಟ್ ಲೈಸೆನ್ಸಿಗೆ ಮಾಡೋ ಕ್ಲಾಸ್ ಒನ್ ಮೆಡಿಕಲ್ ಪರೀಕ್ಷೆಯಲ್ಲಿ ಹಿಂದಿನ ಕಾಯಿಲೆ, ಮಾತ್ರೆ ಎಲ್ಲ ಬರೆದು ಸಹಿ ಹಾಕ್ತೀಯಲ್ಲ, ಅಲ್ಲಿ ಸುಳ್ಳು ಸಿಕ್ಕಿಬಿದ್ದರೆ ಎದ್ದೇಳೋದು ಕಷ್ಟ. 2015ರಲ್ಲಿ ಜರ್ಮನ್‌ವಿಂಗ್ಸ್ ಕೋ-ಪೈಲಟ್ ಡಾಕ್ಟರ್ ಕೊಟ್ಟ ರಜೆ ಚೀಟಿ ಬಚ್ಚಿಟ್ಟು ಡ್ಯೂಟಿಗೆ ಹೋದ, ಬೇಕಂತಲೇ ವಿಮಾನ ಬೀಳಿಸಿದ, 150 ಜನ ಸತ್ತರು. ನಿನ್ನನ್ನ ಅವನಿಗೆ ಹೋಲಿಸ್ತಿಲ್ಲ, ನೀನು ಹೇಳಿಯೇ ಇಳಿದವನು. ಟೆಂಪರರಿ ಅನ್‌ಫಿಟ್ (ಸದ್ಯಕ್ಕೆ ಹಾರೋ ಹಾಗಿಲ್ಲ) ಅಂದರೆ ಕತೆ ಮುಗೀತು ಅಂತಲ್ಲ. ವಾಪಸ್ ಹತ್ತಿಸೋ ಮುಂಚೆ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್‌ಗೆ ಕಳಿಸಬಹುದು. ಅಲ್ಲಿನವರು ಹಾರೋರನ್ನೇ ನೋಡಿ ಪಳಗಿದವರು, ಹೆದರಬೇಡ. ಡಾಕ್ಟರನ್ನ ಕೇಳದೆ ಮಾತ್ರೆ ನಿಲ್ಲಿಸಬೇಡ.

ಫೈಲ್ ವಿಚಾರ: 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಚಿಕಿತ್ಸೆಯ ವಿವರ ಗೋಪ್ಯ. ಎಷ್ಟು ದಿನ ಹಾರಬಾರದು ಅನ್ನೋ ಸರ್ಟಿಫಿಕೇಟ್ ಕೊಡು, ಸಾಕು. ಡಾಕ್ಟರ ಮುಂದೆ ಹೇಳ್ಕೊಂಡಿದ್ದೆಲ್ಲ ಎಚ್‌ಆರ್‌ಗ್ಯಾಕೆ? ಡಿಜಿಸಿಎ (ವಿಮಾನಯಾನ ನಿಯಂತ್ರಿಸೋ ಸರ್ಕಾರಿ ಸಂಸ್ಥೆ) ಮೆಡಿಕಲ್ ಎಕ್ಸಾಮಿನರ್ ಹತ್ತಿರ ಮಾತ್ರ ಏನೂ ಮುಚ್ಚಬೇಡ.

ಸೋಮವಾರಪೇಟೆ_ಎಟಿಸಿ:
ಅಂಕಲ್ ಹೇಳಿದ್ದು ಸರಿ. ನಾನು ಎಟಿಸಿ, ಅಂದ್ರೆ ವಿಮಾನ ಸಂಚಾರ ನಿಯಂತ್ರಕ, ಸರ್ಕಾರಿ ಸಂಸ್ಥೆಯಲ್ಲಿರೋದು. ಕೆಲಸದ ರಕ್ಷಣೆ ಮಾತ್ರ ನನಗಿರೋಷ್ಟು ನಿಮಗಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, 20(4): ಸೇವೆಯಲ್ಲಿದ್ದಾಗ ಅಂಗವೈಕಲ್ಯ ಬಂದರೆ ತೆಗೆಯೋ ಹಾಗಿಲ್ಲ, ಹುದ್ದೆ ಇಳಿಸೋ ಹಾಗಿಲ್ಲ, ಅದೇ ಸಂಬಳಕ್ಕೆ ಬೇರೆ ಕೆಲಸ ಕೊಡಬೇಕು. ಮಾನಸಿಕ ಕಾಯಿಲೆಯೂ ಪಟ್ಟಿಯಲ್ಲಿದೆ. ಆದರೆ ಅದು ಸರ್ಕಾರಿ ಸಂಸ್ಥೆಗಳಿಗೆ, ಅದೂ ದೀರ್ಘಕಾಲದ ತೊಂದರೆಗೆ. ನಿಮಗೆ ಮುಖ್ಯ ಆಧಾರ ಅಪಾಯಿಂಟ್‌ಮೆಂಟ್ ಲೆಟರ್. ಸಿಕ್ ಲೀವ್, ನೋಟಿಸ್, ಬಾಂಡ್ (ಮಧ್ಯದಲ್ಲಿ ಕೆಲಸ ಬಿಟ್ಟರೆ ದುಡ್ಡು ಕಟ್ಟೋ ಕರಾರು) ಈ ಮೂರು ಕಲಮು ಓದಿ. ಲಾಸ್ ಆಫ್ ಲೈಸೆನ್ಸ್ ಇನ್ಶೂರೆನ್ಸ್ (ಅನ್‌ಫಿಟ್ ಆಗಿ ಲೈಸೆನ್ಸ್ ಹೋದರೆ ದುಡ್ಡು ಕೊಡೋ ವಿಮೆ) ಇದ್ದರೆ ಯಾವುದಕ್ಕೆ ಕೊಡಲ್ಲ ಅನ್ನೋ ಪುಟ ಮೊದಲು ನೋಡಿ, ಮಾನಸಿಕ ಕಾಯಿಲೆ ಹೊರಗಿಟ್ಟಿರೋ ಪಾಲಿಸಿಗಳಿವೆ. ಫೋನಲ್ಲಿ ಮಾತಾಡಬೇಡಿ, ಎಲ್ಲಾ ಮೇಲ್‌ನಲ್ಲಿ. ಒತ್ತಡ ಹಾಕಿದರೂ ರಾಜೀನಾಮೆ ಬರೆದುಕೊಡಬೇಡಿ.

ನಾಪೋಕ್ಲುವಿನವ:
ಡಾಕ್ಟರಿಗೆ ಫೋನ್ ಮಾಡಿದೆ, ಬರೀ ಅನ್‌ಫಿಟ್ ಸರ್ಟಿಫಿಕೇಟ್ ಕೊಡ್ತಾರಂತೆ. ಅವ್ವನಿಗೆ ಇನ್ನೂ ಸಮಾಧಾನ ಇಲ್ಲ. ಬಾಂಡ್‌ನಲ್ಲಿ ಅನ್‌ಫಿಟ್ ಆದರೆ ದುಡ್ಡು ಕಟ್ಟಬೇಕಾ ಅನ್ನೋದು ಓದಿದರೂ ಅರ್ಥವಾಗ್ತಿಲ್ಲ. ಮಡಿಕೇರಿ ಅಥವಾ ವಿರಾಜಪೇಟೆಯಲ್ಲಿ ಲೇಬರ್ ಕೇಸ್ ನೋಡೋ ವಕೀಲರು ಗೊತ್ತಿದ್ದರೆ ಇನ್‌ಬಾಕ್ಸ್ ಮಾಡಿ. ನಮ್ಮ ಸಂಬಂಧಿಕರು ಬೇಡ.