ನಾಲ್ಕು ವರ್ಷ ಒಳಗಿದ್ದು ಬಂದವನಿಗೆ ಮಾಲೀಕರು ಗಲ್ಲಾಪೆಟ್ಟಿಗೆ ಕೀ ಕೊಟ್ಟಿದ್ದಾರೆ. ಈಗ ಹೇಳಬೇಕಾ?

ದಾರಸೂಜಿ

ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ಇದನ್ನು ಬರೆಯುತ್ತಿದ್ದೇನೆ, ಅಳಿಸುತ್ತಿದ್ದೇನೆ. ಇವತ್ತು ಹಾಕಿಯೇ ಬಿಡುತ್ತೇನೆ.

ನಾನು ನಾಲ್ಕು ವರ್ಷ ಎರಡು ತಿಂಗಳು ಜೈಲಿನಲ್ಲಿದ್ದೆ. ಹಣದ ಕೇಸು. ಒಂದು ಕಡೆ ಕ್ಯಾಷಿಯರ್ ಆಗಿದ್ದೆ, ನಂಬಿ ಕೊಟ್ಟ ದುಡ್ಡು ಮುಟ್ಟಿದೆ. ಮೊದಲ ಸಲ ತಿಂಗಳ ಕೊನೆಗೆ ವಾಪಸ್ ಇಡೋಣ ಅಂದುಕೊಂಡಿದ್ದೆ. ಇಡಲಿಲ್ಲ. ಯಾರೂ ನನ್ನನ್ನು ಸಿಕ್ಕಿಸಿಹಾಕಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಒಳಗೆ ಇದ್ದವರೆಲ್ಲ 'ನಂದೇನೂ ತಪ್ಪಿಲ್ಲ' ಅನ್ನುವುದನ್ನು ಕೇಳಿ ಕೇಳಿ ನನಗೇ ಸಾಕಾಗಿದೆ.

ಒಳಗೆ ಬೈಂಡಿಂಗ್ ಕಲಿತೆ. ಹಳೇ ರಿಜಿಸ್ಟರುಗಳನ್ನು ಬಿಚ್ಚಿ, ಹಾಳೆ ಜೋಡಿಸಿ, ಮತ್ತೆ ಹೊಲಿಯುವ ಕೆಲಸ. ಕಲಿಸಿದ್ದು ನನಗಿಂತ ಎಷ್ಟೋ ವರ್ಷ ಮೊದಲು ಬಂದಿದ್ದ ಒಬ್ಬ ಹಿರಿಯ ಕೈದಿ. ದಾರಕ್ಕೆ ಮೇಣ ಸವರಿ, ಎರಡು ಬೆರಳಿನ ಮಧ್ಯೆ ಎಳೆದು ತೋರಿಸುತ್ತಿದ್ದರು. 'ಗಂಟು ಒಳಗಡೆ ಬೀಳಬೇಕು, ಹೊರಗೆ ಕಾಣಬಾರದು' ಅಂತ ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ನಾನು ಬರುವಾಗಲೂ ಅವರು ಅಲ್ಲೇ ಇದ್ದರು.

ಹೊರಗೆ ಬಂದು ಏಳು ತಿಂಗಳಾಯಿತು. ಎರಡು ತಿಂಗಳು ಅಲೆದ ಮೇಲೆ ಒಂದು ಚಿಕ್ಕ ಬೈಂಡಿಂಗ್ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಮಾಲೀಕರು ಅರ್ಜಿ ಗಿರ್ಜಿ ಏನೂ ಕೇಳಲಿಲ್ಲ. ಬೆನ್ನು ಕಿತ್ತುಹೋದ ದಪ್ಪ ಪುಸ್ತಕ ಒಂದನ್ನು ಮುಂದೆ ಇಟ್ಟು ಸುಮ್ನೆ ಕೂತು ನೋಡಿದರು. ಮುಗಿದ ಮೇಲೆ ಹೆಬ್ಬೆರಳಿನಿಂದ ಬೆನ್ನು ಒತ್ತಿ, ಮಧ್ಯಕ್ಕೆ ತೆರೆದು, ಮೂಗಿನ ಹತ್ತಿರ ಹಿಡಿದು ನೋಡಿದರು. 'ಎಲ್ಲಿ ಕಲಿತಿರಿ?' ಅಂದರು. 'ಸರ್ಕಾರಿ ಬೈಂಡಿಂಗ್ ವಿಭಾಗದಲ್ಲಿ' ಅಂದೆ. ಸುಳ್ಳೇನಲ್ಲ, ಅಲ್ವಾ? ಆದರೆ ಆ ಮಾತು ಈಗ ಗಂಟಲಲ್ಲಿ ಸಿಕ್ಕಿಕೊಂಡಿದೆ.

ಯಾಕೆಂದರೆ ಹೋದ ತಿಂಗಳು ಅವರು ನನ್ನ ಕೈಗೆ ಕೀ ಗೊಂಚಲು ಕೊಟ್ಟರು. ಸ್ಟೋರ್ ರೂಮಿನದು ಒಂದು, ಗಲ್ಲಾಪೆಟ್ಟಿಗೆಯದು ಒಂದು. 'ನಾನು ಆರ್ಡರ್ ಹಿಡಿಯಲು ಓಡಾಡಬೇಕು, ಇನ್ಮೇಲೆ ನೀವೇ ನೋಡಿಕೊಳ್ಳಿ' ಅಂದರು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಕೀ ದಿಂಬಿನ ಕೆಳಗೆ ಇಟ್ಟೆ. ತೆಗೆದು ಕಪಾಟಿನಲ್ಲಿ ಇಟ್ಟೆ. ಕೊನೆಗೆ ಹೆಂಡತಿ ಎದ್ದು, ಅದನ್ನು ತೆಗೆದುಕೊಂಡು ಹೋಗಿ ಎಲ್ಲೋ ಇಟ್ಟು ಬಂದು ಮಲಗಿದಳು.

ಇನ್ನೊಂದು ಹೇಳಿದರೆ ನಗಬೇಡಿ. ಒಳಗೆ ಅಷ್ಟು ವರ್ಷ ನಾನು ಒಂದು ಬಾಗಿಲನ್ನೂ ನಾನಾಗೇ ತೆರೆದಿರಲಿಲ್ಲ. ಮನೆಗೆ ಬಂದ ಮೊದಲ ವಾರ ಬಚ್ಚಲುಮನೆ ಬಾಗಿಲ ಮುಂದೆ ಟವೆಲ್ ಹಿಡಿದು ಸುಮ್ಮನೆ ನಿಂತಿದ್ದೆ. ಯಾರಾದರೂ ಬಂದು ತೆಗೆಯಲಿ ಅಂತ. ಈಗಲೂ ಬೆಳಿಗ್ಗೆ ಐದಕ್ಕೆ, ಒಳಗೆ ಕೈದಿಗಳನ್ನು ಎಣಿಸುತ್ತಿದ್ದ ಹೊತ್ತಿಗೆ, ಎದ್ದು ಕೂರುತ್ತೇನೆ. ಅಂಥವನ ಕೈಯಲ್ಲಿ ಕೀ!

ಮಗಳಿಗೆ ಈಗ ಒಂಬತ್ತು. ಹೋಗುವಾಗ 'ನೀನು' ಅನ್ನುತ್ತಿದ್ದಳು. ಈಗ 'ನೀವು' ಅನ್ನುತ್ತಾಳೆ. ಅದು ಈ ಪ್ರಶ್ನೆಗೆ ಸಂಬಂಧ ಇಲ್ಲ, ಬಂತು, ಬರೆದೆ.

ಪ್ರಶ್ನೆ ಇಷ್ಟೇ. ಮಾಲೀಕರಿಗೆ ಹೇಳಬೇಕಾ? ಹೇಳಿದರೆ ಹೇಗೆ? ಒಳಗಿದ್ದ ಒಬ್ಬ ಮೊನ್ನೆ ರಸ್ತೆಯಲ್ಲಿ ಸಿಕ್ಕಿ ದೂರದಿಂದಲೇ ಕೂಗಿ ಕರೆದ. ಬೇರೆಯವರ ಬಾಯಿಂದ ಅವರಿಗೆ ಗೊತ್ತಾಗುವ ದಿನ ದೂರ ಇಲ್ಲ ಅನಿಸುತ್ತಿದೆ.

ಹನ್ನೊಂದು ವರ್ಷ

ಹೇಳಿ ತಮ್ಮಾ. ನಾನು ಹೊರಗೆ ಬಂದು ಹನ್ನೊಂದು ವರ್ಷ ಆಯಿತು. ಮೊದಲ ಕೆಲಸದಲ್ಲಿ ಎರಡು ವರ್ಷ ಮುಚ್ಚಿಟ್ಟೆ. ಬೇರೆ ಯಾರೋ ಹೋಗಿ ಊದಿದರು. ಮಾಲೀಕರು ಜೈಲಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ. 'ಎರಡು ವರ್ಷ ನನ್ನ ಎದುರಿಗೇ ಕೂತಿದ್ದೆಯಲ್ಲೋ' ಅಂದರು, ಅಷ್ಟೇ. ಅವತ್ತೇ ಲೆಕ್ಕ ಚುಕ್ತಾ.

ಎರಡನೇ ಕಡೆ ಮೂರನೇ ವಾರಕ್ಕೇ ಹೇಳಿದೆ. ಅವರು ಕೆಲಸದಿಂದ ತೆಗೆಯಲಿಲ್ಲ, ಆದರೆ ಒಂದು ವರ್ಷ ನನ್ನ ಚೀಲ ನೋಡಿಯೇ ಕಳಿಸುತ್ತಿದ್ದರು. ನೋಡಲಿ ಅಂತ ನಾನೇ ಬಿಚ್ಚಿ ಇಡುತ್ತಿದ್ದೆ. ಒಂದು ದಿನ ನೋಡುವುದನ್ನು ಮರೆತರು. ಮಾರನೇ ದಿನವೂ ಮರೆತರು.

ಹೇಳುವಾಗ ಕಥೆ ಹೇಳಬೇಡ. ನಾವು ಕಥೆ ಹೇಳಲು ಶುರು ಮಾಡಿದರೆ ಕೇಳುವವರಿಗೆ ಅದು ವಕೀಲರ ವಾದದ ಹಾಗೆ ಕೇಳುತ್ತದೆ. ಏನು ಮಾಡಿದೆ, ಎಷ್ಟು ವರ್ಷ ಇದ್ದೆ, ಈಗ ಯಾಕೆ ಹೇಳುತ್ತಿದ್ದೇನೆ. ಮೂರು ಮಾತು. ಸಂಜೆ ದುಡ್ಡು ಎಣಿಸುವ ಹೊತ್ತಲ್ಲಿ ಮಾತ್ರ ಬೇಡ. ಬೆಳಿಗ್ಗೆ, ಅವರು ಒಬ್ಬರೇ ಇರುವಾಗ.

ಐದು ಗಂಟೆ ಎಚ್ಚರ ನನಗೆ ಮೂರು ವರ್ಷ ಇತ್ತು. ಆಮೇಲೆ ಹೋಯಿತು. ಈಗ ಏಳಾದರೂ ಏಳಲ್ಲ ಅಂತ ಮನೆಯಲ್ಲಿ ಬೈಗುಳ.

ನೇಮಕಾತಿಯವಳು

ನಾನು ಒಪ್ಪುವುದಿಲ್ಲ. ಹದಿಮೂರು ವರ್ಷ ಜನರನ್ನು ಕೆಲಸಕ್ಕೆ ಆರಿಸುವ ಕೆಲಸ ಮಾಡಿದ್ದೇನೆ. ನಮ್ಮವರು ಎಷ್ಟೇ ಒಳ್ಳೆಯವರಾಗಲಿ, 'ಜೈಲು' ಅನ್ನುವ ಪದ ಕೇಳಿದ ಕೂಡಲೇ ಆ ಅರ್ಜಿ ರಾಶಿಯ ಅಡಿಗೆ ಹೋಗುತ್ತದೆ. ನಾನೂ ಹಾಗೆ ಮಾಡಿದ್ದೇನೆ, ನಾಚಿಕೆಯಾಗುತ್ತದೆ.

ಇದು ನನ್ನೊಬ್ಬಳ ಅನುಭವ ಅಲ್ಲ. ಡೇವಾ ಪೇಜರ್ ಎನ್ನುವ ಸಮಾಜಶಾಸ್ತ್ರಜ್ಞೆ ಅಮೆರಿಕದ ಮಿಲ್ವಾಕಿಯಲ್ಲಿ ಒಂದು ಪ್ರಯೋಗ ಮಾಡಿ 2003ರಲ್ಲಿ ಪ್ರಕಟಿಸಿದರು. ಒಂದೇ ಥರದ ಓದು, ಅನುಭವ ಇರುವ ಹುಡುಗರನ್ನು 350 ಕಡೆ ಕೆಲಸ ಕೇಳಲು ಕಳಿಸಿದರು. ಜೋಡಿಯಲ್ಲಿ ಒಬ್ಬ ಜೈಲಿಗೆ ಹೋಗಿ ಬಂದವನು ಅಂತ ಹೇಳಿಕೊಳ್ಳಬೇಕು, ಪಾತ್ರ ಆಗಾಗ ಅದಲುಬದಲು. ಬಿಳಿಯರಲ್ಲಿ ಕೇಸಿಲ್ಲದವರಿಗೆ ನೂರಕ್ಕೆ 34 ಕಡೆಯಿಂದ ವಾಪಸ್ ಕರೆ ಬಂತು, ಕೇಸಿದ್ದವರಿಗೆ 17. ಕರಿಯರಲ್ಲಿ 14 ಮತ್ತು 5. ಅಂದರೆ ಕೇಸಿಲ್ಲದ ಕರಿಯ ಹುಡುಗನಿಗಿಂತ ಕೇಸಿದ್ದ ಬಿಳಿ ಹುಡುಗನಿಗೇ ಜಾಸ್ತಿ ಕರೆ! ಅದೊಂದು ಬೇರೆಯೇ ಸಂಕಟ, ಇಲ್ಲಿ ಬೇಡ.

ಅದಕ್ಕೇ ಕೆಲವು ಕಡೆ ಅರ್ಜಿಯಲ್ಲಿ ಈ ಪ್ರಶ್ನೆಯನ್ನೇ ಕೇಳಬಾರದು ಅಂತ ಕಾನೂನು ಬಂದಿದೆ. ಅಮೆರಿಕದ ರಾಜ್ಯಗಳಲ್ಲಿ ಮೊದಲು ಮಾಡಿದ್ದು ಹವಾಯಿ, 1998ರಲ್ಲಿ. ಬ್ರಿಟನ್ನಿನಲ್ಲಂತೂ 1974ರ ಒಂದು ಕಾನೂನಿನ ಪ್ರಕಾರ ಹಲವು ಶಿಕ್ಷೆಗಳನ್ನು ಇಷ್ಟು ವರ್ಷ ಅಂತ ಆದ ಮೇಲೆ ಹೆಚ್ಚಿನ ಕೆಲಸಗಳಿಗೆ ಹೇಳಬೇಕಾಗಿಲ್ಲ. ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ಥರ, ನಿಮ್ಮಲ್ಲಿ ಹೇಗಿದೆ ಅಂತ ವಕೀಲರನ್ನು ಕೇಳಿ. ಬರವಣಿಗೆಯಲ್ಲಿ ಕೇಳಿದರೆ ಸುಳ್ಳು ಬರೆಯಬೇಡಿ. ಕೇಳದೇ ಇದ್ದರೆ ನೀವಾಗೇ ಕೊರಳು ಕೊಡಬೇಡಿ. ಮನೆಯಲ್ಲಿ ಒಂಬತ್ತು ವರ್ಷದ ಮಗು ಇದೆ.

ನಿವೃತ್ತ ವೆಲ್ಫೇರ್

ಜೈಲಿನ ಕಲ್ಯಾಣಾಧಿಕಾರಿಯಾಗಿ ನಿವೃತ್ತನಾದವನು ನಾನು. ಮೇಲಿನ ತಾಯಿ ಹೇಳಿದ ಅಂಕಿ ಸರಿ. ಆದರೆ ಅದೇ ಪೇಜರ್ ಅವರ ಪ್ರಯೋಗಗಳಲ್ಲಿ ಇನ್ನೊಂದು ಕಂಡಿತ್ತು: ಮಾಲೀಕರ ಜೊತೆ ಮುಖ ನೋಡಿ ಮಾತಾಡಲು ಅವಕಾಶ ಸಿಕ್ಕಲ್ಲಿ ಆ ಏಟು ಕಡಿಮೆಯಾಗಿತ್ತು. ಇವರ ವಿಷಯದಲ್ಲಿ ಮಾಲೀಕರು ಐದು ತಿಂಗಳು ಮುಖವನ್ನೂ ನೋಡಿದ್ದಾರೆ, ಹೊಲಿಗೆಯನ್ನೂ ನೋಡಿದ್ದಾರೆ. ಕಾಗದದ ಮೇಲಿನ ಅರ್ಜಿಗೂ ಇದಕ್ಕೂ ಹೋಲಿಕೆ ಇಲ್ಲ.

ಬಿಡುಗಡೆಯ ದಿನ ಗೇಟಿನ ಹತ್ತಿರ ನಾನು ಎಷ್ಟೋ ಸಲ ನಿಂತಿದ್ದೇನೆ. ಕೈಯಲ್ಲಿ ಒಂದು ಚೀಲ, ಒಳಗೆ ಹೋಗುವಾಗಿನ ಅಂಗಿ, ಅದು ಈಗ ಸಡಿಲ. ಎಡಕ್ಕೆ ಹೋಗಬೇಕಾ ಬಲಕ್ಕಾ ಅಂತ ನನ್ನ ಮುಖ ನೋಡುತ್ತಿದ್ದರು. ಕೈದಿಗಳನ್ನು ನಡೆಸಿಕೊಳ್ಳುವ ಬಗ್ಗೆ ವಿಶ್ವಸಂಸ್ಥೆಯ ನಿಯಮಗಳಿವೆ, 2015ರಲ್ಲಿ ತಿದ್ದಿದ ಮೇಲೆ ಮಂಡೇಲಾ ಹೆಸರು ಇಟ್ಟರು. ಅದರ 107ನೇ ನಿಯಮದ ಪ್ರಕಾರ ಶಿಕ್ಷೆ ಶುರುವಾದ ದಿನದಿಂದಲೇ ಆ ಮನುಷ್ಯ ಹೊರಗೆ ಹೋದ ಮೇಲೆ ಏನು ಮಾಡುತ್ತಾನೆ ಅಂತ ಯೋಚಿಸಬೇಕು. ನಾನು ಕೆಲಸ ಮಾಡಿದ ಕಡೆ ಕೊನೇ ವಾರದಲ್ಲಿ ಯೋಚಿಸುತ್ತಿದ್ದೆವು, ಅದೂ ಫೈಲು ತುಂಬಿಸಲು.

ಮೊದಲ ದಿನಗಳು ಎಷ್ಟು ಅಪಾಯ ಅಂತ ಹೊರಗಿನವರಿಗೆ ಗೊತ್ತಿಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಬಿಡುಗಡೆಯಾದ 30 ಸಾವಿರಕ್ಕೂ ಹೆಚ್ಚು ಜನರ ದಾಖಲೆ ನೋಡಿ 2007ರಲ್ಲಿ ಒಂದು ಅಧ್ಯಯನ ಬಂತು. ಮೊದಲ ಎರಡು ವಾರದಲ್ಲಿ ಅವರು ಸಾಯುವ ಸಾಧ್ಯತೆ ಬೇರೆಯವರಿಗಿಂತ 12.7 ಪಟ್ಟು. ಮಾದಕ ವಸ್ತು ಮಿತಿಮೀರಿ ಸತ್ತವರೇ ಜಾಸ್ತಿ. ಏಳು ತಿಂಗಳು ದಾಟಿದ್ದೀರಿ, ಹೆಂಡತಿ ರಾತ್ರಿ ಎದ್ದು ಕೀ ಎತ್ತಿಡುತ್ತಾರೆ. ಅದನ್ನು ಹಗುರವಾಗಿ ನೋಡಬೇಡಿ.

ಎಷ್ಟು ವರ್ಷ ಆದ ಮೇಲೆ ಜನ ನಂಬಬಹುದು ಅಂತಲೂ ಲೆಕ್ಕ ಹಾಕಿದವರಿದ್ದಾರೆ. 1980ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಮೊದಲ ಸಲ ಬಂಧನವಾದವರನ್ನು ಬ್ಲೂಮ್‌ಸ್ಟೀನ್, ನಕಮುರ ಎಂಬ ಇಬ್ಬರು ದಾಖಲೆಯಲ್ಲಿ ಹಿಂಬಾಲಿಸಿದರು. 18 ವರ್ಷಕ್ಕೆ ದರೋಡೆ ಮಾಡಿ ಸಿಕ್ಕಿದವನು ಆಮೇಲೆ ತೆಪ್ಪಗಿದ್ದರೆ, 7.7 ವರ್ಷಕ್ಕೆ ಅವನು ಮತ್ತೆ ಬಂಧನವಾಗುವ ಸಾಧ್ಯತೆ ಅದೇ ವಯಸ್ಸಿನ ಮಾಮೂಲಿ ಜನರಷ್ಟೇ ಆಗಿತ್ತು. ಕನ್ನಗಳವಿಗೆ 3.8 ವರ್ಷ. ಹಣದ ಕೇಸಿಗೆ ಇದನ್ನು ಹಾಗೇ ಅಂಟಿಸಲು ಬರುವುದಿಲ್ಲ. ನಾನು ಹೇಳುವುದು, ಈ ಅನುಮಾನಕ್ಕೂ ಒಂದು ವಾಯಿದೆ ಇದೆ ಅಂತ.

ಈಗ ಕೀ ವಿಷಯ. ಹೇಳುವ ದಿನವೇ ಒಂದು ಕೋರಿಕೆಯನ್ನೂ ಇಡಿ: ದಿನದ ಕೊನೆಗೆ ಗಲ್ಲಾದ ದುಡ್ಡನ್ನು ಇಬ್ಬರು ಎಣಿಸಲಿ, ಪುಸ್ತಕದಲ್ಲಿ ಇಬ್ಬರ ಸಹಿ ಇರಲಿ. ನಾಳೆ ಹತ್ತು ರೂಪಾಯಿ ಕಡಿಮೆ ಬಂದರೂ ಮೊದಲು ಎಲ್ಲರ ಕಣ್ಣು ಬೀಳುವುದು ನಿಮ್ಮ ಮೇಲೆ. ಅವರನ್ನು ಕಾಯುವುದಕ್ಕಿಂತ ಹೆಚ್ಚಾಗಿ ಅದು ನಿಮ್ಮನ್ನು ಕಾಯುತ್ತದೆ.

ಸುಮ್ನೆ ಓದುವವ

ಎಲ್ಲರೂ ಇವರಿಗೆ ಸಮಾಧಾನ ಹೇಳುತ್ತಿದ್ದೀರಿ. ನಮ್ಮ ತಂದೆ ಇಂಥದ್ದೇ ಒಂದು ಕಡೆ ಇಟ್ಟಿದ್ದ ದುಡ್ಡು ಕಳೆದುಕೊಂಡರು. ಎರಡನೇ ಅವಕಾಶ ಅವರಿಗೆ ಯಾರೂ ಕೊಡಲಿಲ್ಲ. ನಿಮ್ಮಿಂದ ಕಳೆದುಕೊಂಡವರು ಏನಾದರು ಸ್ವಾಮಿ?

ದಾರಸೂಜಿ

ಕೇಳಿದ್ದು ಸರಿ. ನಮ್ಮ ಮನೆ ಮಾರಿ ಮುಕ್ಕಾಲು ಭಾಗ ಕೋರ್ಟಿಗೆ ಕಟ್ಟಿದೆವು. ಉಳಿದದ್ದನ್ನು ತಿಂಗಳಿಗೆ ಇಷ್ಟು ಅಂತ ಕಟ್ಟುತ್ತಿದ್ದೇನೆ, ಇನ್ನೂ ಆರು ವರ್ಷ ಹಿಡಿಯುತ್ತದೆ. ದುಡ್ಡು ಕಳೆದುಕೊಂಡವರಲ್ಲಿ ಒಬ್ಬರು ನಾನು ಒಳಗಿದ್ದಾಗಲೇ ತೀರಿಕೊಂಡರು. ಅವರ ಪಾಲು ಮಗನಿಗೆ ಹೋಗುತ್ತದೆ. ಆ ಮಗ ನನ್ನ ಜೊತೆ ಮಾತಾಡುವುದಿಲ್ಲ, ಮಾತಾಡಿ ಅಂತ ನಾನೂ ಕೇಳಿಲ್ಲ. ನಿಮ್ಮ ತಂದೆಯ ವಿಷಯ ಓದಿ ಏನು ಬರೆಯಬೇಕೋ ಗೊತ್ತಾಗುತ್ತಿಲ್ಲ ಸರ್.

ಎರಡು ಜಡೆ

ಕೀ ಬಗ್ಗೆ ನನಗೆ ಗೊತ್ತಿಲ್ಲ. 'ನೀವು' ಬಗ್ಗೆ ಬರೆಯುತ್ತೇನೆ. ನಮ್ಮಪ್ಪ ವಾಪಸ್ ಬಂದಾಗ ನನಗೆ ಹನ್ನೊಂದು. ನಾನೂ ಹಾಗೇ ಅಂದೆ. ಕೋಪಕ್ಕಲ್ಲ ಅಣ್ಣ. 'ನೀನು' ಅಂದ ಮೇಲೆ ಮತ್ತೆ ಹೋಗಿಬಿಟ್ಟರೆ ಅಂತ ಭಯ. ಅಪ್ಪ ಆಗ ಉಡುಗೊರೆ ತಂದು ತಂದು ಸುರಿದರು. ಒಂದೂ ನೆನಪಿಲ್ಲ. ದಿನಾ ಒಂದೇ ಹೊತ್ತಿಗೆ ಗೇಟು ತೆಗೆಯುವ ಸದ್ದು ಬರುತ್ತಿತ್ತು, ಅದು ನೆನಪಿದೆ. ಹತ್ತು ನಿಮಿಷ ತಡವಾದರೂ ನಾನು ಕಿಟಕಿ ಹತ್ತಿರ ಹೋಗುತ್ತಿದ್ದೆ, ಅಮ್ಮನಿಗೂ ಗೊತ್ತಾಗದ ಹಾಗೆ.

ದಾರಸೂಜಿ

ಹನ್ನೆರಡು ದಿನ ಆಯಿತು. ಹೇಳಿದೆ.

ಬೆಳಿಗ್ಗೆಯೇ ಹೇಳಿದೆ. ಮೂರು ಮಾತು ಅಂತ ಅಭ್ಯಾಸ ಮಾಡಿಕೊಂಡು ಹೋಗಿದ್ದೆ, ಎರಡನೆಯದಕ್ಕೇ ಸ್ವರ ಕೈಕೊಟ್ಟಿತು. ಅವರು ಅಂಟಿನ ಬಟ್ಟಲು ಕಲಕುತ್ತಿದ್ದರು. ಕಲಕುವುದು ನಿಲ್ಲಿಸಲಿಲ್ಲ. ತುಂಬಾ ಹೊತ್ತಾದ ಮೇಲೆ 'ಅದಕ್ಕೇ ಸರ್ಕಾರಿ ವಿಭಾಗ' ಅಂದರು. ನಗು ಬಂದಿತ್ತೋ ಸಿಟ್ಟೋ ಗೊತ್ತಾಗಲಿಲ್ಲ. ಕೈ ಚಾಚಿದರು. ಕೀ ಕೊಟ್ಟೆ. ಜೇಬಿಗೆ ಹಾಕಿಕೊಂಡು ಹೊರಗೆ ಹೋದರು.

ನಾಲ್ಕು ದಿನ ಕೆಲಸದ ಮಾತು ಬಿಟ್ಟು ಇನ್ನೇನೂ ಇಲ್ಲ. ಐದನೇ ದಿನ ಒಂದು ರಿಜಿಸ್ಟರ್ ತಂದು ಮುಂದೆ ಹಾಕಿ, 'ಗೆರೆ ಎಳೆಯಿರಿ, ಎರಡು ಸಹಿಗೆ ಜಾಗ ಬಿಡಿ' ಅಂದರು. ಇಬ್ಬರ ಸಹಿಯ ಮಾತು ನಾನು ಅವತ್ತೇ ಹೇಳಿದ್ದೆ, ಕೇಳಿಸಿಕೊಂಡಿರಲಾರರು ಅಂದುಕೊಂಡಿದ್ದೆ. ವೆಲ್ಫೇರ್ ಸರ್, ನಿಮಗೆ ಋಣಿ. ಆ ರಿಜಿಸ್ಟರ್ ಹೊಲಿಗೆ ಸರಿ ಇರಲಿಲ್ಲ, ಬಿಚ್ಚಿ ನಾನೇ ಮತ್ತೆ ಹೊಲಿದೆ.

ಗಲ್ಲಾ ಕೀ ಅವರ ಹತ್ತಿರವೇ ಇದೆ. ಸ್ಟೋರ್ ರೂಮಿನ ಕೀ ಗೋಡೆಯ ಮೊಳೆಗೆ ಬಂದಿದೆ, ಯಾರು ಮೊದಲು ಬರುತ್ತಾರೋ ಅವರು ತೆಗೆಯಬೇಕಂತೆ. ಇರುವುದೇ ಮೂರು ಜನ, ಅದರಲ್ಲಿ ಒಬ್ಬ ಹತ್ತಕ್ಕೆ ಮುಂಚೆ ಬಂದದ್ದಿಲ್ಲ. ನನಗೆ ಹೇಗೂ ಐದಕ್ಕೇ ಎಚ್ಚರ.