ಬೇಸ್‌ಮೆಂಟಿನ ಬಾನಾಮತಿ: ಟ್ರೇಲರ್ ನೋಡಿದಿರಾ?

ತೊಗರಿ ಹೊಲ: ಕಲಬುರಗಿ ಸೂಪರ್ ಮಾರ್ಕೆಟ್ ಹತ್ತಿರದ ಒಂದು ಬೇಸ್‌ಮೆಂಟಿನಲ್ಲಿ ನಮ್ಮ ಹುಡುಗರು ಮಾಟಗಾತಿ ಕಿರುಚಿತ್ರ ಮಾಡುತ್ತಿದ್ದಾರೆ. ಹೊಸ ಟ್ರೇಲರ್‌ನಲ್ಲಿ ಕೂದಲು ಬಿಟ್ಟುಕೊಂಡ ಹೆಂಗಸು ಕಸಬರಿಗೆ ತುಳಿದು ನಿಂತು, "ಹೌದು, ಬಾನಾಮತಿ ಮಾಡಿದವಳು ನಾನೇ" ಅನ್ನುತ್ತಾಳೆ. ಮೈ ಜುಮ್ ಅಂದಿತು. ನಮ್ಮ ಕಡೆಯವರು ಇಂಥದ್ದು ಮಾಡುವುದೇ ಅಪರೂಪ. ಏನಂತೀರಿ?

ಸುಮಾ, ಶಹಾಪುರ: ನನಗೆ ಇಷ್ಟವಾಗಲಿಲ್ಲ. ನಮ್ಮ ಅಜ್ಜಿಯ ತಂಗಿಗೆ ಊರಿನವರು ಇದೇ ಹೆಸರು ಹಚ್ಚಿದ್ದರು. ಪಕ್ಕದ ಮನೆಯಲ್ಲಿ ಬಟ್ಟೆಗೆ ತಾನಾಗಿ ಬೆಂಕಿ ಹತ್ತಿತು, ಸೊಸೆ ನಾಯಿಯಂತೆ ಬೊಗಳಿದಳು. ಅಷ್ಟೇ ಸಾಕ್ಷಿ. ಗಂಡ ಸತ್ತ ಒಂಟಿ ಹೆಂಗಸು, ಎರಡು ಎಕರೆ ಹೊಲ ಇತ್ತು. ಕಂಬಕ್ಕೆ ಕಟ್ಟಿ, ಇನ್ನು ಮಂತ್ರ ಹೇಳಬಾರದು ಅಂತ ಮುಂದಿನ ಹಲ್ಲು ಕಿತ್ತರು. ನಿಮಗೆ ಅದು ಟ್ರೇಲರ್. ನಮ್ಮ ಮನೆಯಲ್ಲಿ ಆ ಮಾತನ್ನು ಇವತ್ತಿಗೂ ಯಾರೂ ಜೋರಾಗಿ ಆಡುವುದಿಲ್ಲ.

ಬೇಸ್‌ಮೆಂಟ್ ಹುಡುಗ: ಅಕ್ಕಾ, ನಾನು ಆ ತಂಡದವನು. "ನಿಮಗೆ ಅದು ಟ್ರೇಲರ್" ಅಂದಿರಿ. ನಾಲ್ಕು ತಿಂಗಳ ದುಡಿಮೆ ಅದು. ರಕ್ತಕ್ಕೆ ಬೀಟ್‌ರೂಟ್ ರಸ, ಮೈದಾ, ಚೂರು ಕಾಫಿ ಪುಡಿ. ಹೊಗೆ ಮದುವೆ ಡೆಕೊರೇಷನ್‌ನವರ ಮಷೀನಿಂದು. ಎಲುಬು ಮುರಿಯುವ ಸದ್ದಿಗೆ ಒಣಗಿದ ಜೋಳದ ದಂಟನ್ನು ಮೈಕ್ ಹತ್ತಿರ ಮುರಿದೆವು. ಆಟೋ ಸದ್ದು ಬರಬಾರದು ಅಂತ ಗೋಡೆ ತುಂಬಾ ಹಳೇ ಕೌದಿ. ಫ್ಯಾನ್ ಹಾಕಿದರೂ ಮೈಕಿಗೆ ಕೇಳುತ್ತದೆ. ಮೇ ತಿಂಗಳ ಕಲಬುರಗಿಯಲ್ಲಿ ಫ್ಯಾನ್ ಇಲ್ಲದೆ ಶೂಟ್ ಮಾಡಿದ್ದೇವೆ. ಕೆಣಕಬೇಕು ಅಂತಲೇ ಮಾಡಿದ್ದು, ಸುಮ್ನೆ ಅಲ್ಲ.

ಔರಾದ ಕಾಕಾ: ಕೆಣಕಲು ಕಸಬರಿಗೆಯೇ ಬೇಕಿತ್ತಾ? ಅದು ಲಕ್ಷ್ಮಿ. ಅಪ್ಪಿತಪ್ಪಿ ಕಾಲು ತಾಕಿದರೂ ಕೈ ಮುಗಿಯುತ್ತೇವೆ. ಮಾಟಗಾತಿಗೆ ಕಸಬರಿಗೆ ಕೊಟ್ಟವರು ವಿದೇಶದವರು. ನೀವು ಕಾಪಿ ಹೊಡೆದಿದ್ದೀರಿ.

ಕೋಟೆ ಓಣಿ: ವಿದೇಶದವರಾ? ಕೂಸಿಗೆ ದೃಷ್ಟಿಯಾದರೆ ಕಸಬರಿಗೆ ಕಡ್ಡಿ ಇಳಿಸಿ ಸುಡುತ್ತೇವಲ್ಲ, ಅದು ಯಾವ ದೇಶದ್ದು ಕಾಕಾ?

ಔರಾದ ಕಾಕಾ: ದೃಷ್ಟಿ ತೆಗೆಯುವುದು ಮಕ್ಕಳ ಒಳ್ಳೆಯದಕ್ಕೆ. ಕಸಬರಿಗೆ ಏರಿದ ಮಾಟಗಾತಿಯ ಚಿತ್ರ 1451ರ ಫ್ರೆಂಚ್ ಹಸ್ತಪ್ರತಿಯಲ್ಲೇ ಇದೆ. ನಮ್ಮ ಬಾನಾಮತಿ ಕಥೆಯಲ್ಲಿ ಕಲ್ಲು ಬೀಳುತ್ತವೆ, ಬಟ್ಟೆ ಉರಿಯುತ್ತವೆ. ಯಾರೂ ಹಾರುವುದಿಲ್ಲ.

ಬೇಸ್‌ಮೆಂಟ್ ಹುಡುಗ: ನಮ್ಮವಳೂ ಹಾರುವುದಿಲ್ಲ, ನಿಂತಿದ್ದಾಳೆ. ಅದು ಈಚಲ ಗರಿಯ ಕಸಬರಿಗೆ, ಇಲ್ಲಿನ ಸಂತೆಯಲ್ಲೇ ಕೊಂಡದ್ದು.

ವಕೀಲರ ಮಗಳು: ಲಕ್ಷ್ಮಿ ವಿಷಯ ಬಿಡಿ, ಕಾನೂನು ನೋಡಿ. ಮೌಢ್ಯ ನಿಷೇಧ ಕಾಯ್ದೆ 2017ರದ್ದು, 2020ರ ಜನವರಿಯಿಂದ ಜಾರಿಯಲ್ಲಿದೆ. 1ರಿಂದ 7 ವರ್ಷ ಜೈಲು, 5 ಸಾವಿರದಿಂದ 50 ಸಾವಿರ ರೂಪಾಯಿ ದಂಡ. ವಾಮಾಚಾರದ ಪ್ರಚಾರಕ್ಕೂ ಶಿಕ್ಷೆ ಇದೆ.

ಕೋಟೆ ಓಣಿ: ಕಥೆ ಹೇಳುವುದು ಪ್ರಚಾರ ಹೇಗಾಗುತ್ತದೆ? ಹಾಗಾದರೆ ಕೊಲೆಯ ಸಿನಿಮಾ ಮಾಡಿದವರೆಲ್ಲ ಜೈಲಿನಲ್ಲಿರಬೇಕಿತ್ತು.

ಔರಾದ ಕಾಕಾ: ಕೊಲೆಯ ಸಿನಿಮಾದವರು ಕಸಬರಿಗೆ ತುಳಿಯುವುದಿಲ್ಲ. ನನ್ನ ಮಾತಿಗೆ ಉತ್ತರ ಬಂದಿಲ್ಲ.

ಕೋಟೆ ಓಣಿ: ಉತ್ತರ ತಗೊಳ್ಳಿ. ಕಸಬರಿಗೆ ಲಕ್ಷ್ಮಿ ಅನ್ನುತ್ತೀರಿ. ಅದನ್ನು ಕಟ್ಟಿ ಮಾರಲು ಬರುವ ಹೆಂಗಸರನ್ನು ಎಷ್ಟು ಮನೆಯಲ್ಲಿ ಒಳಗೆ ಕರೆದು ನೀರು ಕೊಡುತ್ತಾರೆ? ಲಕ್ಷ್ಮಿ ಒಳಗೆ, ಕಟ್ಟಿದವಳು ಅಂಗಳದಲ್ಲಿ. ಆಗ ಯಾರಿಗೂ ನೋವಾಗುವುದಿಲ್ಲ.

ಔರಾದ ಕಾಕಾ: ನನ್ನ ಮನೆ ಬಗ್ಗೆ ನಿನಗೇನು ಗೊತ್ತು? ಬಾ ಔರಾದಿಗೆ, ಯಾರು ನಮ್ಮ ಪಡಸಾಲೆಯಲ್ಲಿ ಕೂತು ಊಟ ಮಾಡುತ್ತಾರೆ ಅಂತ ನೋಡು. ಮಾತು ಹಿಡಿತದಲ್ಲಿರಲಿ ತಮ್ಮಾ.

ಕೋಟೆ ಓಣಿ: ನಾನು "ಎಷ್ಟು ಮನೆಯಲ್ಲಿ" ಅಂದೆ. ನಿಮ್ಮ ಮನೆ ಅನ್ನಲಿಲ್ಲ.

ವಕೀಲರ ಮಗಳು: ಕಾಯ್ದೆಯ ಬಗ್ಗೆ ಇನ್ನೂ ಯಾರೂ ಮಾತಾಡಿಲ್ಲ.

ಸುಮಾ, ಶಹಾಪುರ: ಕಸಬರಿಗೆಗೆ ಇಷ್ಟು ಜನ ಬಡಿದಾಡಿದಿರಿ. ಹಲ್ಲು ಕಿತ್ತಿಸಿಕೊಂಡ ಮುದುಕಿಗೆ ಒಬ್ಬರೂ ಅಯ್ಯೋ ಅನ್ನಲಿಲ್ಲ. ತಮ್ಮಾ, ನಿಮ್ಮ ಚಿತ್ರದವಳು "ಹೌದು, ನಾನೇ" ಅನ್ನುತ್ತಾಳೆ. ನಮ್ಮ ಚಿಕ್ಕಜ್ಜಿ ಸಾಯುವ ತನಕ "ಇಲ್ಲ, ನಾನಲ್ಲ" ಅಂತಲೇ ಅಂದಳು. ಒಬ್ಬರೂ ನಂಬಲಿಲ್ಲ. ನಾಳೆ ಊರಲ್ಲಿ ಯಾರಾದರೂ ಮೊಬೈಲ್ ತೋರಿಸಿ "ನೋಡು, ಇವರೇ ಒಪ್ಪಿಕೊಳ್ಳುತ್ತಾರೆ" ಅಂದರೆ ಏನು ಮಾಡುತ್ತೀರಿ?

ಬೇಸ್‌ಮೆಂಟ್ ಹುಡುಗ: ಪೂರ್ತಿ ಕಥೆ ನೋಡದೆ ಹೀಗೆ ಅನ್ನಬೇಡಿ ಅಕ್ಕಾ. ಬಟ್ಟೆಗೆ ಬೆಂಕಿ ಹಚ್ಚಿದವನು ಅವಳ ಮೈದುನ, ಹೊಲಕ್ಕಾಗಿ ಹಚ್ಚಿದ ಅಂತ ಕೊನೆಯಲ್ಲಿ ಬರುತ್ತದೆ. ಟ್ರೇಲರ್‌ನಲ್ಲೇ ಅದನ್ನು ಹೇಳಿಬಿಟ್ಟರೆ ಚಿತ್ರ ಯಾರು ನೋಡುತ್ತಾರೆ?

ಸುಮಾ, ಶಹಾಪುರ: ಟ್ರೇಲರ್ ಅಷ್ಟೇ ನೋಡಿ ಮುಂದೆ ಹೋಗುವವರೇ ಜಾಸ್ತಿ.

ಬೇಸ್‌ಮೆಂಟ್ ಹುಡುಗ: ಚಿತ್ರದಿಂದ ಆ ಮಾತು ತೆಗೆಯುವುದಿಲ್ಲ. ಎಲ್ಲರೂ ಸೇರಿ ಹಣೆಗೆ ಹಚ್ಚಿದ ಹೆಸರನ್ನು ಅವಳು ಅವರ ಮುಖಕ್ಕೇ ತಿರುಗಿಸುತ್ತಾಳೆ. ಅದಕ್ಕಾಗಿಯೇ ಈ ಚಿತ್ರ. ಟ್ರೇಲರ್ ಬಗ್ಗೆ ತಂಡದ ಜೊತೆ ಮಾತಾಡುತ್ತೇನೆ. ಅದಕ್ಕಿಂತ ಜಾಸ್ತಿ ಮಾತು ಕೊಡಲಾರೆ.

ಔರಾದ ಕಾಕಾ: ಮಾತಾಡುವಾಗ ಕಸಬರಿಗೆ ವಿಷಯವನ್ನೂ ಎತ್ತಿ.