ಅಮ್ಮನಿಗೆ ಬಂದದ್ದು ನನಗೂ ಬರುತ್ತಾ? ಭಾನುವಾರದ ಪ್ರಶ್ನೋತ್ತರ

ನಿರ್ವಾಹಕಿ: ಇವತ್ತು ನರರೋಗ ತಜ್ಞೆ ಡಾಕ್ಟರಮ್ಮ ನಮ್ಮ ಜೊತೆ ಇದ್ದಾರೆ. ವಿಷಯ ಆಲ್ಝೈಮರ್ ಮತ್ತು ವಂಶವಾಹಿ. ಒಬ್ಬರಿಗೆ ಒಂದೇ ಪ್ರಶ್ನೆ.

ಶಿರಸಿ ಹುಡುಗಿ: ಮೇಡಂ, ಅಮ್ಮನಿಗೆ 71 ವರ್ಷ. ಆಲ್ಝೈಮರ್ ಅಂತ ಗೊತ್ತಾಗಿ ಮೂರು ವರ್ಷ ಆಯಿತು. ಅನ್ನಕ್ಕೆ ಎಸರಿಟ್ಟು ಅಕ್ಕಿ ಹಾಕುವುದನ್ನೇ ಮರೆಯುತ್ತಾರೆ. ಹೆದರಿ ನಾನೂ ಎಂಜಲು ಕಳಿಸಿ ಜೀನ್ ಟೆಸ್ಟ್ ಮಾಡಿಸಿದೆ. ಎಪಿಒಇ4 ಎರಡು ಪ್ರತಿ ಅಂತ ಬಂದಿದೆ. ಸೋದರಮಾವನದ್ದೂ ಅದೇ ರಿಪೋರ್ಟ್. ಅವರಿಗೆ 82, ಅಡಿಕೆ ಲೆಕ್ಕ ಇನ್ನೂ ಬಾಯಲ್ಲೇ ಹಾಕುತ್ತಾರೆ! ಇದು ಹೇಗೆ? ನನಗೆ ನಿದ್ದೆ ಬರುತ್ತಿಲ್ಲ.

ಡಾಕ್ಟರ್: ನಿಮ್ಮ ಮಾವನ ವಿಷಯ ನನಗೂ ಕುತೂಹಲ ತಂದಿದೆ. ಎಪಿಒಇ ಅಂದರೆ ಕೊಬ್ಬು ಸಾಗಿಸುವ ಪ್ರೋಟೀನ್ ತಯಾರಿಸುವ ಜೀನ್. ಅದರಲ್ಲಿ 2, 3, 4 ಅಂತ ಮೂರು ಬಗೆ. 4 ಇದ್ದರೆ ಅಪಾಯ ಜಾಸ್ತಿ, ತಂದೆಯಿಂದ ಒಂದು ತಾಯಿಯಿಂದ ಒಂದು ಅಂತ ಎರಡು ಪ್ರತಿ ಇದ್ದರೆ ಇನ್ನೂ ಜಾಸ್ತಿ. ನಿಮ್ಮಿಂದ ಮುಚ್ಚಿಡುವುದಿಲ್ಲ. ಆದರೆ ಯಾವ ಜೀನೂ ಒಂಟಿಯಾಗಿ ಕೆಲಸ ಮಾಡುವುದಿಲ್ಲ.

ಕೊಲಂಬಿಯಾದ ಆಂಟಿಯೋಕಿಯಾದಲ್ಲಿ ಒಂದು ದೊಡ್ಡ ಬಳಗ ಇದೆ. ಅವರಲ್ಲಿ ಪಿಎಸ್‌ಇಎನ್1 ಜೀನಿನ ಒಂದು ದೋಷ ತಲೆಮಾರುಗಳಿಂದ ಬಂದಿದೆ. ಅದಿದ್ದವರಿಗೆ ಸುಮಾರು 44ಕ್ಕೆ ಮರೆವು ಶುರು, 49ರ ಹೊತ್ತಿಗೆ ಡಿಮೆನ್ಷಿಯಾ, ಅಂದರೆ ದಿನದ ಕೆಲಸವೂ ಆಗದಷ್ಟು ಮರೆವು. ಡಾ. ಫ್ರಾನ್ಸಿಸ್ಕೊ ಲೋಪೆರಾ ದಶಕಗಟ್ಟಲೆ ಆ ಮನೆಗಳಿಗೆ ಓಡಾಡಿದವರು. ಅಲ್ಲಿನ ಒಬ್ಬ ಅಜ್ಜಿಗೆ ಅದೇ ದೋಷವಿದ್ದರೂ ಎಪ್ಪತ್ತರವರೆಗೆ ಮರೆವು ಬರಲಿಲ್ಲ. 2019ರಲ್ಲಿ ಆಕೆಯ ವಿಷಯ ಪ್ರಕಟವಾಯಿತು. ಆಕೆಯ ಎಪಿಒಇ3ರಲ್ಲಿ ಕ್ರೈಸ್ಟ್‌ಚರ್ಚ್ ಅನ್ನುವ ಅಪರೂಪದ ಬದಲಾವಣೆ ಇತ್ತು, ಅದೂ ತಂದೆ ತಾಯಿ ಇಬ್ಬರಿಂದಲೂ ಬಂದದ್ದು. ಆಲ್ಝೈಮರ್‌ನಲ್ಲಿ ಮಿದುಳಿನಲ್ಲಿ ಜಮೆಯಾಗುವ ಅಮಿಲಾಯ್ಡ್ ಅನ್ನುವ ಪ್ರೋಟೀನ್ ಆಕೆಯಲ್ಲೂ ತುಂಬಿತ್ತು, ಆದರೆ ನರಕೋಶ ಕೊಲ್ಲುವ ಟೌ ಅನ್ನುವ ಇನ್ನೊಂದು ಪ್ರೋಟೀನ್ ಕಡಿಮೆ. ಒಂದು ಜೀನ್ ಹಚ್ಚಿದ ಬೆಂಕಿಯನ್ನು ಇನ್ನೊಂದು ಹರಡಲು ಬಿಡಲಿಲ್ಲ ಅನ್ನಿ. ಕ್ರೈಸ್ಟ್‌ಚರ್ಚ್‌ನ ಒಂದೇ ಪ್ರತಿ ಇದ್ದ ಅದೇ ಬಳಗದ 27 ಜನರಲ್ಲೂ ಕಾಯಿಲೆ ನಾಲ್ಕೈದು ವರ್ಷ ತಡವಾಗಿದೆ ಅಂತ 2024ರಲ್ಲಿ ವರದಿ ಬಂತು.

ಅದೇ ಬಳಗದ ಒಬ್ಬ ಗಂಡಸು 67ರವರೆಗೆ ಚೆನ್ನಾಗಿದ್ದರು. ಅವರಲ್ಲಿ ಸಿಕ್ಕಿದ್ದು ರೀಲಿನ್ ಜೀನಿನ ಬದಲಾವಣೆ. ರೀಲಿನ್, ಎಪಿಒಇ ಎರಡೂ ನರಕೋಶದ ಮೇಲೆ ಒಂದೇ ಜಾಗಕ್ಕೆ ಅಂಟುತ್ತವೆ. ಹಾಗಾಗಿ ಇದು ಕಾಕತಾಳೀಯ ಅಂತ ನನಗೆ ಅನಿಸುವುದಿಲ್ಲ. ಇನ್ನು ಎಪಿಒಇ4 ಇದ್ದವರಲ್ಲೇ, ಕ್ಲೋಥೋ ಅನ್ನುವ ಜೀನಿನ ಒಂದು ಬಗೆಯ ಒಂದು ಪ್ರತಿ ಇದ್ದರೆ ಅಪಾಯ ತಗ್ಗುತ್ತದೆ ಅಂತಲೂ ಕಂಡಿದೆ.

ನಿಮ್ಮ ಮಾವನನ್ನು ಯಾವುದು ಕಾಯುತ್ತಿದೆ ಅಂತ ಆ ರಿಪೋರ್ಟ್ ಹೇಳುವುದಿಲ್ಲ. ನಿಮಗೆ ಬಂದೇ ಬರುತ್ತದೆ ಅಂತಲೂ ಹೇಳುವುದಿಲ್ಲ. ಬಿಪಿ, ಸಕ್ಕರೆ, ಕೊಲೆಸ್ಟರಾಲ್, ಕಿವಿ ಕೇಳಿಸುವುದು, ಇವನ್ನು ಈಗಿನಿಂದ ನೋಡಿಕೊಳ್ಳಿ. ನಿದ್ದೆ ಬರದಿದ್ದರೆ ನನಗೆ ಬೇರೆಯಾಗಿ ಬರೆಯಿರಿ.

ಕರಾವಳಿ ಅಣ್ಣ: ದಿನಾ ನಾಲ್ಕು ಚಮಚ ಕೊಬ್ಬರಿ ಎಣ್ಣೆ ಕುಡಿದರೆ ಜೀನೇ ಸರಿಹೋಗುತ್ತದಂತೆ. ವೀಡಿಯೊ ಹಾಕಲಾ?

ಡಾಕ್ಟರ್: ಬೇಡ. ಯಾವ ಎಣ್ಣೆಯೂ ಜೀನ್ ಬದಲಾಯಿಸುವುದಿಲ್ಲ. ಕೊಲೆಸ್ಟರಾಲ್ ಏರಿದರೆ ಮಿದುಳಿಗೇ ಕೆಟ್ಟದ್ದು.

ಮಂಡ್ಯದಕ್ಕ: ನನಗೆ 45. ಏನೂ ತೊಂದರೆ ಇಲ್ಲ. ಟೆಸ್ಟ್ ಮಾಡಿಸಲಾ?

ಡಾಕ್ಟರ್: ಬೇಡ. ಮನೆಯಲ್ಲಿ 60ಕ್ಕೆ ಮೊದಲೇ ಹಲವರಿಗೆ ಬಂದಿದ್ದರೆ ಮೊದಲು ಜೆನೆಟಿಕ್ ಕೌನ್ಸೆಲರ್, ಆಮೇಲೆ ಟೆಸ್ಟ್.

ತುಮಕೂರು ಮೇಷ್ಟ್ರು: ಟೆಸ್ಟ್ ಮಾಡಿಸುವುದು ಒಳ್ಳೆಯದಾ ಮೇಡಂ?

ಡಾಕ್ಟರ್: ಮೇಲೆ ಓದಿ.

ಧಾರವಾಡದವ: ಸಂಬಂಧದಲ್ಲೇ ಮದುವೆ ಮಾಡಿಕೊಂಡರೆ ಇನ್ನೇನಾಗುತ್ತದೆ ರೀ? ಎಲ್ಲಾ ಅದರದೇ ಫಲ.

ಮಂಡ್ಯದಕ್ಕ: ನಾನು ಮದುವೆಯಾಗಿರುವುದು ಸೋದರಮಾವನನ್ನೇ. ಏನಾಗಿದೆ ನಮಗೆ?

ಧಾರವಾಡದವ: ನಿಮಗೆ ಅಂದೆನಾ? ವಿಜ್ಞಾನ ಹೇಳಿದೆ.

ಶಿರಸಿ ಹುಡುಗಿ: ನಮ್ಮ ಅಪ್ಪ ಅಮ್ಮ ಸಂಬಂಧಿಕರೇ ಅಲ್ಲ. ಸುಮ್ನೆ ಏನೇನೋ ಬರೆಯಬೇಡಿ.

ಮಂಡ್ಯದಕ್ಕ: ಗೊತ್ತಿಲ್ಲದಿದ್ದರೆ ಬಾಯಿ ಮುಚ್ಚಿಕೊಂಡಿರಬೇಕು.

ಬಳ್ಳಾರಿ ಬಿಸಿಲು: ಆಲ್ಝೈಮರ್‌ನ ಹೊಸ ಇಂಜೆಕ್ಷನ್‌ಗೆ ಎಷ್ಟಾಗುತ್ತದೆ ಮೇಡಂ?

ಡಾಕ್ಟರ್: ಎಪಿಒಇ4 ಸಂಬಂಧದ ಹೊರಗೆ ಮದುವೆಯಾದವರ ಮಕ್ಕಳಲ್ಲೂ ಬೇಕಾದಷ್ಟಿದೆ. ಈ ಜಗಳ ನಿಲ್ಲಿಸಿ.

ಕೋಲಾರದ ತಮ್ಮ: ತಂದೆಗೆ 76. ಹದಿನೈದು ದಿನದ ಹಿಂದೆ ಬಚ್ಚಲಲ್ಲಿ ಜಾರಿಬಿದ್ದರು. ಹೃದಯಕ್ಕೆ ಅಂತ ರಕ್ತ ತೆಳು ಮಾಡುವ ಮಾತ್ರೆ ನುಂಗುತ್ತಾರೆ. ನಿನ್ನೆಯಿಂದ ಮಾತು ತೊದಲು, ನನ್ನ ಹೆಸರೂ ನೆನಪಿಲ್ಲ, ಬರೀ ನಿದ್ದೆ. ಒಂದೆಲಗದ ರಸ ಕುಡಿಸಿ ಅಂತ ಫಾರ್ವರ್ಡ್ ಬಂದಿದೆ. ಯಾವ ಜೀನ್ ಟೆಸ್ಟ್ ಮಾಡಿಸಬೇಕು?

ಡಾಕ್ಟರ್: ಯಾವ ಟೆಸ್ಟೂ ಬೇಡ. ಈಗಲೇ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೊರಡಿ. ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. ಆಲ್ಝೈಮರ್ ಒಂದು ದಿನದಲ್ಲಿ ಬರುವುದಿಲ್ಲ. ಬಿದ್ದಾಗ ಬುರುಡೆಯೊಳಗೆ ರಕ್ತ ಒಸರಿ, ದಿನಗಟ್ಟಲೆ ಸೇರಿ ಮಿದುಳನ್ನು ಒತ್ತುತ್ತಿರಬಹುದು. ಆ ಮಾತ್ರೆ ನುಂಗುವವರಲ್ಲಿ ಈ ಅಪಾಯ ಜಾಸ್ತಿ. ಬೇಗ ಗೊತ್ತಾದರೆ ಸರಿಪಡಿಸಬಹುದು. ಬಾಯಿಗೆ ರಸ ಏನೂ ಹಾಕಬೇಡಿ. ಅರೆನಿದ್ದೆಯಲ್ಲಿ ಕುಡಿಸಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಮಾತ್ರೆಯ ಚೀಟಿ ಜೊತೆಗಿರಲಿ. ಫಾರ್ವರ್ಡ್ ಮಾಡುವವರೇ, ಇಂಥ ಮನೆಗೆ ನಿಮ್ಮ ರಸ ತಲುಪುತ್ತಿದೆ, ಗೊತ್ತಿರಲಿ.

ಕರಾವಳಿ ಅಣ್ಣ: ಒಂದೆಲಗ ನಮ್ಮ ಹಿರಿಯರು ತಿಂದದ್ದೇ ಅಲ್ವಾ?

ಡಾಕ್ಟರ್: ತಂಬುಳಿ ಮಾಡಿ ಉಣ್ಣಿ. ಇಲ್ಲಿ ಬೇಡ.

ಕೋಲಾರದ ತಮ್ಮ: ಭಾವ ಕಾರು ತಂದರು. ಹೊರಟಿದ್ದೇವೆ.

ಡಾಕ್ಟರ್: ಸ್ಕ್ಯಾನ್ ಆದ ತಕ್ಷಣ ಬರೆಯಿರಿ. ಅಲ್ಲಿಯವರೆಗೆ ಬೇರೆ ಯಾರಿಗೂ ಉತ್ತರಿಸುವುದಿಲ್ಲ.

ತುಮಕೂರು ಮೇಷ್ಟ್ರು: ಮೇಲೆ ಓದಿದೆ ಮೇಡಂ. ಆದರೂ ಟೆಸ್ಟ್…

ನಿರ್ವಾಹಕಿ: ಮೇಷ್ಟ್ರೇ, ದಯವಿಟ್ಟು.

ಕೋಲಾರದ ತಮ್ಮ: ಸ್ಕ್ಯಾನ್‌ಗೆ ಒಳಗೆ ಕರೆದುಕೊಂಡು ಹೋದರು.